ಬಿಕ್ಕಳಿಕೆಯ ಹರಕೆ

"ಆಮೆನ್" ಎಂದು ಸುನೀತಾ ಕಣ್ಣು ಬಿಟ್ಟಳು. ಉಳಿದವರು ಯಾರೂ ಅಲುಗಾಡಲಿಲ್ಲ. ಎಲ್ಲರ ಕಣ್ಣೂ ಮಂಚದ ಮೇಲೆ ಕೂತಿದ್ದ ಶ್ರೀಶೈಲಪ್ಪನ ಗಂಟಲಿನ ಮೇಲಿತ್ತು. ಗಂಟಲಿನ ಗಂಟು ಒಮ್ಮೆ ಮೇಲೆ ಹೋಯಿತು, ಕೆಳಗೆ ಬಂತು. ಈಗ ಬಂತು, ಇನ್ನೇನು ಬಂತು ಎಂದು ಅವನ ಹೆಂಡತಿ ಇಂದುಬಾಯಿ ಸೆರಗಿನ ತುದಿ ಹಿಡಿದು ಕಾದಳು. ಬರಲಿಲ್ಲ. ಗೋಡೆಯ ಗಡಿಯಾರದ ಟಿಕ್‌ಟಿಕ್ ಆ ಮನೆಯಲ್ಲಿ ಒಂದು ವಾರದ ಮೇಲೆ ಮೊದಲ ಸಲ ಕೇಳಿಸಿತು.

"ನಿಂತೈತಿ," ಎಂದ ಶ್ರೀಶೈಲಪ್ಪ, ಗಟ್ಟಿಯಾಗಿ ಅಂದರೆ ಮತ್ತೆ ಶುರುವಾದೀತೆಂಬ ಅಂಜಿಕೆಯಲ್ಲಿ.

ಅಯ್ಯೋ, ಆ ಒಂದು ವಾರ! ಇಂಡಿಯಲ್ಲಿ ಯಾರದೋ ಮದುವೆ ಊಟ ಉಂಡು ಸಿಂದಗಿಗೆ ಬಂದವನಿಗೆ ಹತ್ತಿದ ಬಿಕ್ಕಳಿಕೆ, ನೀರು ಕುಡಿದರೂ ಹೋಗಲಿಲ್ಲ, ಮೂಗು ಹಿಡಿದು ಕೂತರೂ ಹೋಗಲಿಲ್ಲ. ವಿಜಯಪುರದ ಡಾಕ್ಟರು ಕೊಟ್ಟ ಗುಳಿಗೆ ನುಂಗುವಾಗಲೇ ಬಿಕ್ಕಿ ಅದು ಹಾರಿ ಡಾಕ್ಟರ ಮೇಜಿನ ಮೇಲೆ ಬಿತ್ತು. ಲಚ್ಯಾಣದ ಮಠದಿಂದ ವಿಭೂತಿ ಬಂತು, ದರ್ಗಾದಿಂದ ತಾಯತ ಬಂತು. ಬೆಚ್ಚಿ ಬಿದ್ದರೆ ನಿಲ್ಲುತ್ತದೆಂದು ಓಣಿಯ ಹುಡುಗರು ಮಂಚದ ಕೆಳಗೆ ಪಟಾಕಿ ಹಚ್ಚಿದರು. ಬೆಚ್ಚಿದ್ದು ಎಮ್ಮೆ. ಅದು ಎರಡು ದಿನ ಹಾಲು ಕೊಡಲಿಲ್ಲ, ಯಜಮಾನ ಮಾತ್ರ ಬಿಕ್ಕುತ್ತಲೇ ಇದ್ದ.

ಬಿಕ್ಕಳಿಕೆ ಬಂತೆಂದರೆ ಯಾರೋ ನೆನೆಯುತ್ತಿದ್ದಾರೆ, ನೆನೆಯುವವರ ಹೆಸರು ಹೇಳಿದರೆ ನಿಲ್ಲುತ್ತದೆ. ಇದು ಗೊತ್ತಿಲ್ಲದವರು ಆ ಸೀಮೆಯಲ್ಲಿಲ್ಲ. ಇಂದುಬಾಯಿ ಗಂಡನ ಮುಂದೆ ಕೂತು ಹೆಸರು ಹೇಳಿದ್ದೇ ಹೇಳಿದ್ದು. ಮಗಳು ಐಶ್ವರ್ಯಳಿಂದ ಶುರುಮಾಡಿ ಅಳಿಯ, ಬೀಗರು, ಮುದ್ದೇಬಿಹಾಳದ ಸೋದರತ್ತೆ, ಬಾಗೇವಾಡಿಯ ಸೋದರಮಾವ, ಬದುಕಿದ್ದವರು ಮುಗಿದ ಮೇಲೆ ಸತ್ತವರು, ಅವರೂ ಮುಗಿದ ಮೇಲೆ ಬ್ಯಾಂಕಿನ ಮ್ಯಾನೇಜರ್. ಎರಡೇ ಎರಡು ಹೆಸರು ಅವಳ ಬಾಯಿಂದ ಬರಲಿಲ್ಲ. ದೇವರ ಹಿಪ್ಪರಗಿಯಲ್ಲಿರುವ ಗಂಡನ ತಮ್ಮ ಕಲ್ಮೇಶ ಮತ್ತು ಅವನ ಹೆಂಡತಿ, ಇವಳ ನೆಗೆಣ್ಣಿ. ಎಂಟು ವರ್ಷಗಳಿಂದ ಆ ಹೆಸರುಗಳಿಗೆ ಮನೆಯ ಬಾಗಿಲು ಮುಚ್ಚಿತ್ತು. ತೀರಾ ಹೇಳಲೇಬೇಕಾದಾಗ 'ಹಿಪ್ಪರಗಿಯಾಕಿ' ಎನ್ನುತ್ತಿದ್ದಳು. ಹಿಪ್ಪರಗಿಯ ಮಲ್ಲಯ್ಯನಿಗೆ ಹರಕೆ ಹೊರು ಎಂದು ನೆರೆಮನೆಯ ಗುಂಡವ್ವ ಹೇಳಿದಾಗಲೂ, "ಮಲ್ಲಯ್ಯ ದೊಡ್ಡಾವ, ಖರೆ. ಆದರ ಊರು ಸರಿ ಇಲ್ಲ," ಅಂದುಬಿಟ್ಟಳು.

ಕೊನೆಗೆ ಸೋತು ಹಿತ್ತಲ ಮನೆಯ ಸುನೀತಾಳನ್ನು ಕರೆದಿದ್ದಳು. ಸುನೀತಾ ಪಾಸ್ಟರ್ ಗುರುನಾಥನ ಹೆಂಡತಿ. ಓಣಿಯ ತುದಿಯಲ್ಲಿ ತಗಡಿನ ಮಾಡಿನ ಒಂದು ಪ್ರಾರ್ಥನಾ ಮಂದಿರವಿದೆ. ಹತ್ತಾರು ಮನೆಯ ಕ್ರೈಸ್ತರು ಭಾನುವಾರ ಅಲ್ಲಿ ಸೇರುತ್ತಾರೆ. ಗುರುನಾಥ ಅವರ ಪಾಸ್ಟರು, ಇಂದುಬಾಯಿಯ ಬಾಡಿಗೆದಾರ. ಇಂದುಬಾಯಿ ಒಳಗೆ ಚಹಾ ಮಾಡಲು ಹೋದಾಗ ಸುನೀತಾ ಪ್ರಾರ್ಥನೆಗೆಂದು ಮನೆಯವರ ಹೆಸರು ಕೇಳಿದಳು, ಶ್ರೀಶೈಲಪ್ಪ ಬಿಕ್ಕುತ್ತಲೇ ಹೇಳಿದ. ಅವಳು ಕಣ್ಣು ಮುಚ್ಚಿ ಒಬ್ಬೊಬ್ಬರನ್ನೇ ದೇವರ ಕೈಗೆ ಒಪ್ಪಿಸುತ್ತ ಬಂದಳು. ಮಗಳಾಯಿತು, ಅಳಿಯನಾಯಿತು, ಎಮ್ಮೆಯೂ ಆಯಿತು. "ಹಿಪ್ಪರಗ್ಯಾಗಿನ ಕಲ್ಮೇಶಪ್ಪ, ಸುನಂದಕ್ಕ, ಇವರನ್ನೂ ನೆನಸ್ಕೋ ತಂದೆ," ಎಂದಾಗ ಇಂದುಬಾಯಿ ಒಂದು ಕಣ್ಣು ತೆರೆದು ಗಂಡನನ್ನು ನೋಡಿದಳು. ಸರಿಯಾಗಿ ಆ ಗಳಿಗೆಗೆ ಬರಬೇಕಾಗಿದ್ದ ಬಿಕ್ಕಳಿಕೆ ಬರಲಿಲ್ಲ.

ಇಂದುಬಾಯಿ ದಡ್ಡಿಯಲ್ಲ, ಅವಳಿಗೆ ಗೊತ್ತಾಯಿತು. ಆದರೆ ಹೆಸರು ಹೇಳಿದ್ದಕ್ಕೇ ನಿಂತಿತು ಎಂದರೆ ಆ ಹಿಪ್ಪರಗಿಯಾಕಿ ಇಷ್ಟು ದಿನ ತನ್ನ ಭಾವನನ್ನು ಪ್ರೀತಿಯಿಂದ ನೆನೆಯುತ್ತಿದ್ದಳು ಎಂದು ಒಪ್ಪಬೇಕಾಗುತ್ತದೆ. ಅದು ಮಾತ್ರ ಅವಳ ಗಂಟಲಲ್ಲಿ ಇಳಿಯುವಂಥದ್ದಲ್ಲ. ಪ್ರಾರ್ಥನೆಯ ಶುರುವಿಗೇ ಅವಳು ಮನಸ್ಸಿನಲ್ಲಿ, 'ಯೇಸಪ್ಪಾ, ಇವರ ಬಿಕ್ಕು ನಿಲ್ಲಿಸು, ಬುಟ್ಟಿ ತುಂಬ ಶೇಂಗಾ ಹೋಳಿಗಿ ಎಡಿ ತರ್ತೇನಿ, ಬ್ಯಾಂಡ್ ಹಚ್ಚಿ ನಿನ್ನ ಬಾಗಲತನಕ ಹೆಜ್ಜಿಗೊಮ್ಮೆ ಉದ್ದಕ್ಕ ಬಿದ್ದು ದೀಡ ನಮಸ್ಕಾರ ಹಾಕ್ತೇನಿ' ಎಂದು ಹರಕೆ ಹೊತ್ತಿದ್ದಳು. ಅಂದ ಮೇಲೆ ಕೆಲಸ ಮಾಡಿದವನು ಯೇಸು. ಅದರಲ್ಲಿ ಎರಡು ಮಾತಿಲ್ಲ.

"ಕಲ್ಮೇಶನ ಹೆಸರು ತಗೊಂಡ ಕೂಡ್ಲೆ..." ಎಂದು ಶ್ರೀಶೈಲಪ್ಪ ಬಾಯಿ ತೆರೆದ.

"ಯೇಸಪ್ಪನ ಹೆಸರು ತಗೊಂಡ ಕೂಡ್ಲೆ," ಎಂದು ಇಂದುಬಾಯಿ ತಿದ್ದಿದಳು. "ಮಾಡಿದ ದೇವರಿಗೆ ಮಾಡಿದ ಹೆಸರು ಇರಲಿ. ಸುಮ್ನ ಚಹಾ ಕುಡೀರಿ."

ಹಿಪ್ಪರಗಿಯವರ ಜೊತೆ ಜಗಳ ಹುಟ್ಟಿದ್ದು ಒಂದು ಸ್ಟೀಲಿನ ಡಬ್ಬಿಯಿಂದ. ನಗಬೇಡಿ. ಆ ಕಡೆ ಯಾರ ಮನೆಯಿಂದಲೇ ಪಾತ್ರೆ ಬರಲಿ, ಅದನ್ನು ಖಾಲಿ ಮರಳಿಸುವುದೆಂದರೆ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಏನೂ ಇಲ್ಲವೆಂದರೂ ಒಂದು ಹಿಡಿ ಜೋಳ, ಒಂದು ಚೂರು ಬೆಲ್ಲವನ್ನಾದರೂ ಹಾಕಿ ಕೊಡುತ್ತಾರೆ. ಎಂಟು ವರ್ಷದ ಹಿಂದೆ ನಾಗರ ಪಂಚಮಿಗೆ ಇಂದುಬಾಯಿ ಡಬ್ಬಿ ತುಂಬ ಹೋಳಿಗೆ ಮಾಡಿ ಗಂಡನ ಕೈಯಲ್ಲಿ ಹಿಪ್ಪರಗಿಗೆ ಕಳಿಸಿದ್ದಳು. ಸಂಜೆ ಡಬ್ಬಿ ವಾಪಸು ಬಂತು. ತೊಳೆದು ಲಕಲಕ ಹೊಳೆಯುತ್ತಿತ್ತು. ಒಳಗೆ ಬೆಲ್ಲದ ಚೂರೂ ಇರಲಿಲ್ಲ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಇಂದುಬಾಯಿಯ ಮಾನ ಡಬ್ಬಿಗೆ ಹೋಗಿತ್ತು. ಆ ರಾತ್ರಿ ಶ್ರೀಶೈಲಪ್ಪ ಕೂಡ ಉಣ್ಣಲಿಲ್ಲ, "ಹೊಟ್ಟಿ ಸರಿ ಇಲ್ಲ" ಎಂದು ಮಲಗಿದ. ತನಗಾದ ಅವಮಾನಕ್ಕೆ ಗಂಡ ಊಟ ಬಿಟ್ಟ ಎಂದು ಅವಳಿಗೆ ಅವನ ಮೇಲೆ ಪ್ರೀತಿ ಉಕ್ಕಿ ಬಂದಿತ್ತು. ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು, ಹಿಪ್ಪರಗಿಯ ದಾರಿ ಬಿಟ್ಟಳು.

ಮರುದಿನವೇ ಅವಳು ಹಿತ್ತಲ ಮನೆಗೆ ಹೋಗಿ ಹರಕೆಯ ವಿಷಯ ಎತ್ತಿದಳು. ಪಾಸ್ಟರ್ ಗುರುನಾಥ ಅಂಗಳದಲ್ಲಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಮೆತ್ತಗಿನ ಮನುಷ್ಯ. ಮನೆ ಮಾಲಕಿ ಬಂದಳೆಂದರೆ ಕೂತಲ್ಲೇ ಅರ್ಧ ಏಳುತ್ತಿದ್ದ.

"ಏನೂ ಕೊಡೋದು ಬ್ಯಾಡ್ರಿ ಅಕ್ಕಾರ," ಎಂದ.

"ಏನೂ ಅಂದ್ರ?"

"ಏನೂ ಅಂದ್ರ ಏನೂ ಬ್ಯಾಡ್ರಿ. ಕಾಯಿ ಬ್ಯಾಡ, ಹೋಳಿಗಿ ಬ್ಯಾಡ. ದೇವರು ಪ್ರೀತಿಯಿಂದ ಕೊಡ್ತಾನ, ತಿರುಗಿ ಕೇಳಂಗಿಲ್ಲ. ಎಲ್ಲಾ ಪುಕ್ಕಟ. ನಮ್ಮ ನಂಬಿಕಿಯ ಜೀವಾನ ಅದರಾಗ ಐತ್ರಿ."

ಇಂದುಬಾಯಿ ಅಲ್ಲೇ ಕಟ್ಟೆಯ ಮೇಲೆ ಕೂತಳು. ಇದು ನಿಂತು ಮಾತಾಡುವ ವಿಷಯವಾಗಿರಲಿಲ್ಲ. "ಕೊಡದಿದ್ರ ಸಿಟ್ಟಾಗಂಗಿಲ್ಲ?"

"ಇಲ್ರಿ."

"ಕಾಡಂಗಿಲ್ಲ? ಕನಸಿನ್ಯಾಗ ಬಂದು ಕೇಳಂಗಿಲ್ಲ?"

"ಇಲ್ರಿ ಅಕ್ಕಾರ. ತಂದಿ ಇದ್ದಂಗ ಅವ."

"ನಮ್ಮಪ್ಪ ಬಾರಕೋಲು ಹಿಡಕೊಂಡಽ ಮಾತಾಡ್ತಿದ್ದ," ಎಂದಳು ಇಂದುಬಾಯಿ. "ಪಾಸ್ಟರ್ರ, ನನಗ ತಿಳೀವಲ್ತು. ಎಲೆಕ್ಷನ್ನಿಗೆ ಪುಕ್ಕಟ ಕೊಟ್ಟ ಸೀರಿ ಒಂದು ತೊಳತಕ್ಕ ಬಣ್ಣ ಬಿಟ್ತು. ಸಾಬಾಣದ ಜೋಡಿ ಪುಕ್ಕಟ ಬಂದ ಬಕೆಟ್ಟಿನ ಹಿಡಿಕಿ ಎಂಟ ದಿನದಾಗ ಮುರೀತು. ಪುಕ್ಕಟ ನಿಂತ ಬಿಕ್ಕು ಎಷ್ಟು ದಿನ ತಾಳೀತು? ನಾಳೆ ತಿರುಗಿ ಬಂತಂದ್ರ ನಾ ಯಾರನ್ನ ಕೇಳ್ಲಿ?"

ಆ ವಾರದಲ್ಲಿ ಗಂಡ ಸೊರಗಿ ಅಂಗಿಯ ಕಾಲರು ಕೊರಳಿಗೆ ಸಡಿಲವಾಗಿತ್ತು. ಒಂದು ಬೆಳಗಿನ ಜಾವ ಉಸಿರು ಹಿಡಿದುಕೊಂಡು ಕಣ್ಣು ಮೇಲೆ ಮಾಡಿದ್ದ. ಇವನು ಹೋದರೆ ತಾನು ಯಾರನ್ನು ಬೈದುಕೊಂಡು ಬದುಕಬೇಕು ಎಂದು ಅವಳು ಅವನ ಎದೆ ತಿಕ್ಕುತ್ತ ಕೂತಿದ್ದಳು. ಆ ಬಿಕ್ಕಳಿಕೆ ತಿರುಗಿ ಬರಬಾರದು. ಅದಕ್ಕೆ ದೇವರ ಬಾಯಿ ಕಟ್ಟಬೇಕು, ದೇವರ ಬಾಯಿ ಕಟ್ಟಲು ಹೋಳಿಗೆಗಿಂತ ಒಳ್ಳೆಯ ವಸ್ತು ಅವಳಿಗೆ ಗೊತ್ತಿರಲಿಲ್ಲ.

"ನಬಿಲಾಲನ ಬ್ಯಾಂಡಿಗೆ ಹೇಳೇನಿ," ಎಂದಳು. "ಯೇಸಪ್ಪಗ ಮದಿವಿ ಹಾಡು ಬಾರಸೂದೋ ಮೆರವಣಿಗಿದೋ ಅಂತ ಕೇಳಾಕತ್ತಾನ. ಯಾವುದು ನಡೀತೈತ್ರಿ?"

ಗುರುನಾಥನ ಕೈಯಲ್ಲಿದ್ದ ಎಣ್ಣೆಯ ಬಾಟಲಿ ನೆಲಕ್ಕೆ ಬಿತ್ತು. "ಅಕ್ಕಾರ, ಕೈ ಮುಗೀತೇನಿ. ಈಗಿನ ದಿನಮಾನ ನಿಮಗ ಗೊತ್ತೈತಿ. ನೀವು ಬ್ಯಾಂಡ್ ಹಚ್ಚಿ ದೀಡ ನಮಸ್ಕಾರ ಹಾಕ್ಕೋತ ಬಂದ್ರ ಯಾರರ ಮೊಬೈಲ್‌ನ್ಯಾಗ ತಗದು ಬಿಡ್ತಾರ. ದೊಡ್ಡ ಮನಿ ಹೆಣ್ಣಮಗಳ ಮತ ಕೆಡಿಸಿದ ಅಂತ ನಾಳಿಗೆ ನಾ ಠಾಣೇದಾಗ ಕುಂದರಬೇಕಾಗ್ತೈತಿ."

"ಯಾವಾವ ಅಂತಾನ? ನನ್ನ ಕೊರಳಾಗ ಲಿಂಗ ಐತಿ, ಸಾಯೂತನಕ ಅಲ್ಲೇ ಇರ್ತೈತಿ. ಇದು ಬ್ಯಾರೆ ವ್ಯವಹಾರ. ನನ್ನ ಮತ ಕೆಡಸೂವಷ್ಟು ಧೈರ್ಯ ನಿಮಗೈತೇನು?"

"ಇಲ್ರಿ," ಎಂದ ಗುರುನಾಥ ಪ್ರಾಮಾಣಿಕವಾಗಿ.

ಬಹಳ ಹೊತ್ತಿನ ಮೇಲೆ ಒಂದು ರಾಜಿಯಾಯಿತು. ಬ್ಯಾಂಡು ಬೇಡ, ದೀಡ ನಮಸ್ಕಾರ ಬೇಡ. ಭಾನುವಾರ ಪ್ರಾರ್ಥನೆ ಮುಗಿದು ಮಂದಿ ಹೋದ ಮೇಲೆ ಬುಟ್ಟಿ ತಂದು ದೇವರ ಮುಂದೆ ಇಟ್ಟು ಹೋಗುವುದು. ಎದ್ದು ಹೋಗುವಾಗ ಇಂದುಬಾಯಿ, "ಪುಕ್ಕಟ ತಗೊಂಡು ಕುಂದ್ರೂ ಮನಿತನ ಅಲ್ರಿ ನಮ್ದು," ಎಂದು ಸೆರಗು ಕೊಡವಿದಳು.

ಭಾನುವಾರ ಶ್ರೀಶೈಲಪ್ಪ ಬುಟ್ಟಿ ಹೊತ್ತು ಮುಂದೆ, ಇಂದುಬಾಯಿ ಇಳಕಲ್ ಸೀರೆ ಉಟ್ಟು ಹಿಂದೆ, ಪ್ರಾರ್ಥನಾ ಮಂದಿರಕ್ಕೆ ಬಂದರು. ಬಿಳಿ ಗೋಡೆ, ಒಂದು ಕಟ್ಟಿಗೆಯ ಶಿಲುಬೆ, ಕೆಳಗೆ ಬಟ್ಟೆ ಹಾಸಿದ ಮೇಜು. ದೀಪವಿಲ್ಲ, ಗಂಟೆಯಿಲ್ಲ. ದೇವರು ಈಗಷ್ಟೇ ಬಾಡಿಗೆಗೆ ಬಂದಿದ್ದಾನೆ, ಇನ್ನೂ ಸಾಮಾನು ಇಳಿಸಿಲ್ಲ ಅನ್ನಿಸಿತು ಅವಳಿಗೆ. ಅಯ್ಯೋ ಪಾಪ ಅಂದುಕೊಂಡಳು.

"ಇಡೂಕಿಂತ ಮೊದಲು ಏನರ ಹೇಳ್ರಿ," ಎಂದಳು. "ಕಾಣಿಕಿ ಬಗ್ಗೆ ನಿಮ್ಮ ಯೇಸಪ್ಪ ಏನರ ಹೇಳಿರಬೇಕಲ್ಲ. ಮಾತಿಲ್ಲದ ಕಾಣಿಕಿ ಮುಟ್ಟಂಗಿಲ್ಲ."

ಬೇಗ ಮುಗಿದರೆ ಸಾಕಾಗಿತ್ತು ಗುರುನಾಥನಿಗೆ. ಅವಸರದಲ್ಲಿ ಬುದ್ಧಿಗಿಂತ ಮೊದಲು ಬಾಯಿ ಓಡಿತು. "ಹೇಳ್ಯಾನ್ರಿ. ನೀ ಕಾಣಿಕಿ ತಗೊಂಡು ದೇವರ ಮುಂದ ಬಂದಾಗ..." ಎಂದವನು ಗಕ್ಕನೆ ನಿಂತ. ಮುಂದಿನದು ನೆನಪಾಗಿತ್ತು.

"ಬಂದಾಗ?"

"ಮುಂದ ಭಾಳ ಉದ್ದ ಐತ್ರಿ."

"ಇರಲಿ. ನನಗೇನು ಬಸ್ಸಿಲ್ಲ."

ಗುರುನಾಥ ಹೆಂಡತಿಯ ಮುಖ ನೋಡಿದ. ಸುನೀತಾ ಹೇಳಿಬಿಡಿ ಎನ್ನುವಂತೆ ತಲೆಯಾಡಿಸಿದಳು. "ಕಾಣಿಕಿ ತಂದಾಗ, ನಿನ್ನ ಮ್ಯಾಲ ಯಾರಿಗರ ಮನಸ್ತಾಪ ಐತಿ ಅಂತ ಅಲ್ಲಿ ನೆನಪಾತು ಅಂದ್ರ, ಕಾಣಿಕಿ ಅಲ್ಲೇ ಬಿಡು, ಮೊದಲು ಹೋಗಿ ಅವರ ಜೋಡಿ ಒಂದಾಗು, ಆಮ್ಯಾಲ ಬಂದು ಕೊಡು ಅಂದಾನ್ರಿ."

ತಗಡಿನ ಮಾಡಿನ ಮೇಲೆ ಕಾಗೆಯೊಂದು ಟಕಟಕ ನಡೆದಾಡಿತು. ಶ್ರೀಶೈಲಪ್ಪ ಮಾಡನ್ನೇ ನೋಡುತ್ತ ನಿಂತ.

"ಆಕಿಗೆ ನನ್ನ ಮ್ಯಾಲ ಮನಸ್ತಾಪ ಇದ್ರ ತಾನೆ ನಾ ಹೋಗೂದು?" ಎಂದಳು ಇಂದುಬಾಯಿ. ಯಾರ ಹೆಸರನ್ನೂ ಯಾರೂ ಎತ್ತಿರಲಿಲ್ಲ. "ಮನಸ್ತಾಪ ಇರೂದು ನನಗ. ಖಾಲಿ ಡಬ್ಬಿ ಕಳಿಸಿದಾಕಿ ಆಕಿ. ಹಂಗಾರ ಆಕಿನ ಬರಬೇಕು."

"ಅವರಿಗೂ ಏನರ ಇರಬಹುದಲ್ರಿ, ಅಕ್ಕಾರ."

"ಏನಿರ್ತೈತಿ?"

"ನನಗೇನು ಗೊತ್ರಿ. ಹೋಗಿ ಕೇಳಿದ್ರ ತಿಳೀತೈತಿ."

ಇಂದುಬಾಯಿಯ ಮುಖ ಕೆಂಪಾಯಿತು. "ಪುಕ್ಕಟ ಪುಕ್ಕಟ ಅಂದ್ರಿ! ಇಷ್ಟು ತುಟ್ಟಿ ದೇವರನ್ನ ನಾ ಎಲ್ಲೂ ಕಂಡಿಲ್ಲ ಬಿಡ್ರಿ. ಮಲ್ಲಯ್ಯಗ ಒಂದು ಕಾಯಿ ಒಡದ್ರ ಮುಗೀತು. ಅವ ಎಂದರ ನೆಗೆಣ್ಣಿ ಸುದ್ದಿ ಕೇಳ್ಯಾನೇನು?" ಎಂದು ಶಿಲುಬೆಯ ಕಡೆ ನೋಡಿ, "ಮನಿತನದ ವಿಷಯದಾಗ ಕೈ ಹಾಕೂ ದೇವರು!" ಎಂದು ದರದರ ಹೊರಗೆ ನಡೆದಳು. ಬುಟ್ಟಿ ಅಲ್ಲೇ ಉಳಿಯಿತು. ಬಾಗಿಲಲ್ಲಿ ತಿರುಗಿ, "ಶೇಂಗಾ ಹೋಳಿಗಿ ಎಂಟು ದಿನ ಇರ್ತಾವ. ಇರಿವಿ ಹತ್ತಿದ್ರ ಮಾತ್ರ ನಿಮ್ಮನ್ನ ಕೇಳ್ತೇನಿ," ಎಂದು ಪಾಸ್ಟರನಿಗೆ ತಾಕೀತು ಮಾಡಿದಳು.

ಮನೆಗೆ ಬಂದು, ತಂದಿಟ್ಟ ಮೇಲೆ ಕೊಟ್ಟ ಹಾಗೇ, ತಿನ್ನುವುದು ಬಿಡುವುದು ಅವನಿಗೆ ಬಿಟ್ಟದ್ದು ಎಂದು ಸಮಾಧಾನ ಮಾಡಿಕೊಂಡಳು. ಮಧ್ಯಾಹ್ನ ಗಂಡನಿಗೆ ಬಡಿಸಿದಳು. ಶ್ರೀಶೈಲಪ್ಪ ರೊಟ್ಟಿ ಮುರಿದು ಬದನೆಕಾಯಿ ಪಲ್ಯಕ್ಕೆ ಅದ್ದಿ ಬಾಯಿಗಿಟ್ಟ.

"ಬಿಕ್."

ಒಂದೇ ಒಂದು. ಮತ್ತೆ ಬರಲಿಲ್ಲ. ಆದರೆ ಇಂದುಬಾಯಿಯ ಕೈಯಲ್ಲಿದ್ದ ಸೌಟು ನಿಂತುಬಿಟ್ಟಿತು. ಹುಳಿ ಮುಖ ಮಾಡಿಕೊಂಡು, "ನಾಳೆ ಹಿಪ್ಪರಗಿಗೆ ಹೋಗ್ತೇನಿ," ಎಂದಳು.

ತಮ್ಮನ ಮನೆಯ ದಾರಿ ತೆರೆಯಿತೆಂದು ಗಂಡ ಹಿಗ್ಗುತ್ತಾನೆ ಎಂದುಕೊಂಡಿದ್ದಳು. ಶ್ರೀಶೈಲಪ್ಪನ ಮುಖ ಸುಣ್ಣದಂತಾಯಿತು. "ನಾಳೆ ಬ್ಯಾಡ," ಎಂದ. "ಬಿಸಲು ಭಾಳ ಐತಿ. ಬಸ್ಸೂ ಸರಿ ಇರಂಗಿಲ್ಲ. ಫೋನ್ ಮಾಡಿದ್ರ ಆತು. ಡಬ್ಬಿ ಗಿಬ್ಬಿ ಏನೂ ಒಯ್ಯಬ್ಯಾಡ."

ಡಬ್ಬಿಯ ಮಾತು ಅವಳು ಎತ್ತೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆದರೆ ಅವಳು ತನ್ನ ಸಂಕಟದಲ್ಲಿದ್ದಳು, ಅತ್ತ ಗಮನ ಕೊಡಲಿಲ್ಲ. ಅಟ್ಟದಿಂದ ಅದೇ ಸ್ಟೀಲಿನ ಡಬ್ಬಿ ಇಳಿಸಿ, ಬೂದಿ ಹಚ್ಚಿ ತಿಕ್ಕಿ, ಮನೆಯಲ್ಲಿ ಉಳಿದ ಹೋಳಿಗೆಗಳನ್ನು ಒತ್ತಿ ತುಂಬಿದಳು. ಒಂದಾಗುವುದಕ್ಕೆ ಹೋಗುತ್ತಿದ್ದಳು, ನಿಜ. ಆದರೆ ನೀ ಖಾಲಿ ಕಳಿಸಿದ್ದನ್ನು ನಾ ತುಂಬಿ ತಂದಿದ್ದೇನೆ ನೋಡು ಎಂದು ಆಕೆಯ ಮುಖ ಇಳಿಸಿ ಆಮೇಲೆ ಒಂದಾಗುವುದಕ್ಕೆ ಯೇಸುವಿನ ಅಡ್ಡಿಯೇನೂ ಇರಲಾರದು ಎಂಬುದು ಅವಳ ಲೆಕ್ಕ.

ದೇವರ ಹಿಪ್ಪರಗಿಯಲ್ಲಿ ಅಂದು ಸಂತೆ. ಕಲ್ಮೇಶ ಸಂತೆಗೆ ಹೋಗಿದ್ದ. ನೆಗೆಣ್ಣಿ ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ತಲೆ ನರೆತಿತ್ತು, ಕಣ್ಣಿಗೆ ದಪ್ಪ ಕನ್ನಡಕ ಬಂದಿತ್ತು. ಅಂಗಳದಲ್ಲಿ ನಿಂತವಳನ್ನು ಕಂಡು ಮೊರ ಹಾಗೇ ಕೈಯಲ್ಲಿ ಹಿಡಿದು ಎದ್ದಳು. ಒಂದಷ್ಟು ತೊಗರಿ ನೆಲದ ಮೇಲೆ ಉರುಳಿತು.

"ಅಕ್ಕಾ, ಭಾವಾರು ಆರಾಮ ಅದಾರಿಲ್ಲೋ?" ಎಂದಳು ಗಾಬರಿಯಿಂದ. "ಬಿಕ್ಕು ಹತ್ಯಾವ ಅಂತ ಸುದ್ದಿ ಬಂದಿತ್ತು. ಇವರು ದಿನಾ ಅಣ್ಣ ಅಣ್ಣ ಅಂತ ನೆನಸ್ತಿದ್ರು. ಬರೂದಕ್ಕ ಧೈರ್ಯ ಆಗಲಿಲ್ಲ."

"ನಿಂತಾವ," ಎಂದಳು ಇಂದುಬಾಯಿ. ಬಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಎಲ್ಲಿಗೋ ಹೋದವು. ಚಾಪೆ ಬಂತು, ನೀರು ಬಂತು, ಚಹಾ ಬಂತು. ಇಬ್ಬರೂ ಲೋಟ ನೋಡುತ್ತ ಕುಡಿದರು. ಕಡೆಗೆ ಇಂದುಬಾಯಿ ಚೀಲದಿಂದ ಡಬ್ಬಿ ತೆಗೆದು ನಡುವೆ ಇಟ್ಟಳು, ಕೋರ್ಟಿನಲ್ಲಿ ಸಾಕ್ಷಿ ಇಟ್ಟ ಹಾಗೆ.

ನೆಗೆಣ್ಣಿ ಅದನ್ನು ನೋಡಿದಳು. "ಈ ಡಬ್ಬಿ ಇನ್ನೂ ಇಟ್ಟೀಯೇನಕ್ಕಾ? ಇವತ್ತರ ಹೇಳಿಬಿಡು. ಏನಾಗಿತ್ತು ನನ್ನ ಕರ್ಚಿಕಾಯಿಗೆ? ಉಪ್ಪು ಬಿದ್ದಿತ್ತೇನು? ಎಣ್ಣಿ ವಾಸನಿ ಬಂದಿತ್ತೇನು?"

"ಯಾವ ಕರ್ಚಿಕಾಯಿ?"

"ನೀ ಹೋಳಿಗಿ ಕಳಿಸಿದ್ದಿಯಲ್ಲ, ಅದಽ ಡಬ್ಬಿ ತುಂಬ ಕರ್ಚಿಕಾಯಿ ತುಂಬಿ ಭಾವಾರ ಕೈಯಾಗ ಕೊಟ್ಟಿದ್ದೆ. ಬೆಳಗಾಮುಂಜಾನೆ ಎದ್ದು ನಿನಗಂತ ಮಾಡಿದ್ದೆ. ಚಲೋ ಆಗಿದ್ವು ಅಂತ ಒಂದು ಮಾತು ಬರಲಿಲ್ಲ ನಿನ್ನಿಂದ. ಮುಂದ ಮಾತಽ ನಿಲ್ಲಿಸಿಬಿಟ್ಟಿ. ನನ್ನ ಮಗಳು ಪಲ್ಲವಿ ಮದಿವಿಗೂ ಬರಲಿಲ್ಲ. ಅಂಥಾದ್ದೇನು ಕೆಟ್ಟಿತ್ತು ಅಂತ ಇಷ್ಟು ವರ್ಷ ವಿಚಾರ ಮಾಡೇನಿ. ಅಲ್ಲಿಂದ ಮುಂದ ಈ ಮನ್ಯಾಗ ಕರ್ಚಿಕಾಯಿ ಕರದಿಲ್ಲ ನಾ."

ಇಂದುಬಾಯಿ ಡಬ್ಬಿಯನ್ನು ಎತ್ತಿ ತಿರುಗಿಸಿ ನೋಡಿದಳು. ಆ ವರ್ಷವೇ ಡಾಕ್ಟರು ಶ್ರೀಶೈಲಪ್ಪನಿಗೆ ಸಕ್ಕರೆ ಕಾಯಿಲೆ ಎಂದಿದ್ದರು. ಮನೆಯ ಸಿಹಿಯನ್ನೆಲ್ಲ ಅವಳು ಬೀಗದಲ್ಲಿಟ್ಟಿದ್ದಳು. ಆ ಸಂಜೆ ಬಂದಾಗ ಅವನ ಅಂಗಿಯ ತೋಳು ಒದ್ದೆಯಾಗಿತ್ತು. ಬಸ್ ಸ್ಟ್ಯಾಂಡಿನ ನಳ! ಡಬ್ಬಿ ಅಷ್ಟು ಲಕಲಕ ಹೊಳೆದದ್ದು! ಹೊಟ್ಟೆ ಸರಿ ಇಲ್ಲ ಎಂದು ಉಣ್ಣದೆ ಮಲಗಿದ್ದು! ಸರಿ ಇರುತ್ತದೆ ಹೇಗೆ, ಡಬ್ಬಿ ತುಂಬ ಕರ್ಚಿಕಾಯಿ ಒಳಗಿದ್ದರೆ?

"ಬಸ್ಸಿನ್ಯಾಗ ತಿಂದಾರ," ಎಂದಳು ಮೆಲ್ಲಗೆ.

"ಯಾರು?"

"ನಿನ್ನ ಭಾವ."

"ಎಲ್ಲಾನೂ?"

"ಎಲ್ಲಾನೂ. ತಿಂದು, ಡಬ್ಬಿ ತೊಳದು, ನನ್ನ ಕೈಯಾಗ ಕೊಟ್ಟಾರ."

ನೆಗೆಣ್ಣಿ ಕನ್ನಡಕ ತೆಗೆದಳು. ಮೊದಲು ಅವಳ ಭುಜ ಅಲುಗಿತು. ಆಮೇಲೆ ಇಂದುಬಾಯಿಗೂ ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು, ತೊಗರಿಯ ಮೇಲೆ ಉರುಳುವಂತೆ ನಕ್ಕರು. ನಗುತ್ತ ನಗುತ್ತಲೇ ಇಂದುಬಾಯಿಗೆ ಅಳು ಬಂತು. ಪಲ್ಲವಿ ಅವಳ ತೊಡೆಯ ಮೇಲೆ ಬೆಳೆದ ಹುಡುಗಿ. ಅವಳ ಮದುವೆಯ ದಿನ ಇಂದುಬಾಯಿ ಸಿಂದಗಿಯಲ್ಲಿ ಬಾಗಿಲು ಹಾಕಿಕೊಂಡು ಹಪ್ಪಳ ಒತ್ತಿದ್ದಳು.

"ನಿನ್ನ ಹೆಸರಿಲೆ ತಂದ ಮದಿವಿ ಸೀರಿ ಇನ್ನೂ ಪೆಟ್ಟಿಗ್ಯಾಗ ಐತಿ," ಎಂದಳು ನೆಗೆಣ್ಣಿ. "ಹೋಗಲಿ ಬಿಡಕ್ಕಾ. ಏಳು, ಒಲಿ ಹಚ್ಚೋಣು."

ಇಳಿಹೊತ್ತಿನ ಬಸ್ಸಿನಲ್ಲಿ ಇಂದುಬಾಯಿ ತೊಡೆಯ ಮೇಲೆ ಬಿಸಿ ಡಬ್ಬಿ ಇಟ್ಟುಕೊಂಡು ಸಿಂದಗಿಗೆ ಹೊರಟಳು. ಅರ್ಧ ದಾರಿಯವರೆಗೆ ಗಂಡನಿಗೆ ಯಾವ ಶಿಕ್ಷೆ ಕೊಡಬೇಕೆಂದು ಯೋಚಿಸಿದಳು. ಬೀಗರನ್ನೆಲ್ಲ ಕರೆಸಿ ಮುಂದೆ ನಿಲ್ಲಿಸಬೇಕು. ಇಲ್ಲ, ಎಂಟು ವರ್ಷ ಮಾತು ಬಿಡಬೇಕು, ಲೆಕ್ಕ ಚುಕ್ತಾ ಆಗುತ್ತದೆ. ಆಗ, ತಿರುಗಿ ಕೇಳದ ದೇವರು ಎಂದಿದ್ದ ಪಾಸ್ಟರನ ಮಾತು ನೆನಪಾಯಿತು. ಇನ್ನೂ ಸಿಟ್ಟು ಬಂತು. ದೇವರಿಗೇನು, ಅವನ ಕರ್ಚಿಕಾಯಿಯನ್ನು ಯಾರೂ ಕದ್ದು ತಿಂದಿಲ್ಲ! ಆದರೆ ಡಬ್ಬಿಯ ಬಿಸಿ ಸೀರೆ ದಾಟಿ ತೊಡೆಗೆ ತಾಗುತ್ತಿತ್ತು. ಏನೂ ಕೇಳದೆ 'ಹೋಗಲಿ ಬಿಡಕ್ಕಾ' ಎಂದವಳ ಮುಖ ಕಣ್ಣ ಮುಂದೆ ಬರುತ್ತಿತ್ತು. ನೆಗೆಣ್ಣಿ ಅಷ್ಟು ಸುಲಭವಾಗಿ ಬಿಟ್ಟುಬಿಟ್ಟಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಉಳಿದ ಅರ್ಧ ದಾರಿ ಕಿಟಕಿಯ ಹೊರಗೆ ನೋಡುತ್ತ ಕೂತಳು.

ಮನೆಗೆ ಬೀಗವಿತ್ತು. ನೇರವಾಗಿ ಪ್ರಾರ್ಥನಾ ಮಂದಿರಕ್ಕೆ ಹೋದಳು. ಹೋಳಿಗೆ ಬುಟ್ಟಿ ಮೇಜಿನ ಮುಂದೆ ಬಿಟ್ಟಲ್ಲೇ ಇತ್ತು. ಅದರ ಸುತ್ತ ಸುನೀತಾ ಅರಿಷಿಣದ ದಪ್ಪ ಗೆರೆ ಎಳೆದಿದ್ದಳು. ಗೆರೆಯ ಒಂದು ಕಡೆ ಗುರುನಾಥ, ಇನ್ನೊಂದು ಕಡೆ ಶ್ರೀಶೈಲಪ್ಪ, ಕೈಯಲ್ಲಿ ಒಂದೊಂದು ಬೀಸಣಿಗೆ ಹಿಡಿದು ಇರುವೆ ಕಾಯುತ್ತಿದ್ದರು. ಶ್ರೀಶೈಲಪ್ಪ ಬೆಳಗಿನಿಂದ ಅಲ್ಲೇ ಕೂತಿದ್ದಾನೆ, ಮನೆಯಲ್ಲಿರಲು ಅಂಜಿಕೆ ಅನ್ನುತ್ತಾನೆ ಎಂದು ಸುನೀತಾ ಪಿಸುಗುಟ್ಟಿದಳು.

ಇಂದುಬಾಯಿ ಗಂಡನ ಮುಂದೆ ಕೂತು ಡಬ್ಬಿಯ ಮುಚ್ಚಳ ತೆಗೆದಳು. ಕರ್ಚಿಕಾಯಿಯ ಏಲಕ್ಕಿ ಪರಿಮಳ ಆ ಬರಿಯ ಕೋಣೆಯ ತುಂಬ ಹರಡಿತು. ಶ್ರೀಶೈಲಪ್ಪ ಡಬ್ಬಿಯನ್ನು ನೋಡಿದ, ಹೆಂಡತಿಯನ್ನು ನೋಡಿದ.

"ಬಿಕ್," ಎಂದ. "ಬಿಕ್. ಬಿಕ್."

ಗುರುನಾಥ ಗಾಬರಿಯಿಂದ ಕೈ ಜೋಡಿಸಿ ಕಣ್ಣು ಮುಚ್ಚಿದ. ಇಂದುಬಾಯಿ ಗಂಡನ ಸಡಿಲ ಕಾಲರನ್ನೂ ಅದರೊಳಗೆ ಮೇಲೆ ಕೆಳಗೆ ಹಾರುವ ಗಂಟಲನ್ನೂ ನೋಡುತ್ತಿದ್ದಳು. ಬಸ್ಸಿನಲ್ಲಿ ತಯಾರು ಮಾಡಿಟ್ಟುಕೊಂಡಿದ್ದ ಬೈಗುಳ ನಾಲಿಗೆಯ ತುದಿಯಲ್ಲಿತ್ತು.

"ಸುನಂದಾ," ಎಂದಳು.

ತಗಡಿನ ಮಾಡಿಗೆ ಬಡಿದು ಆ ಹೆಸರು ಒಮ್ಮೆ ತಿರುಗಿ ಬಂತು.

"ಸುನಂದಾ ನೆನಸಾಕತ್ತಾಳ ನಿಮ್ಮನ್ನ."

ಎಲ್ಲರೂ ಕಾದರು. ಗಂಟಲಿನ ಗಂಟು ಮೇಲೆ ಹೋಯಿತು, ಕೆಳಗೆ ಬಂತು, ನಿಂತಿತು. ಶ್ರೀಶೈಲಪ್ಪನ ಕಣ್ಣು ತುಂಬಿತ್ತು. "ಇಂದೂ, ಅವತ್ತ ನಾ..."

"ಎಲ್ಲಾ ಗೊತ್ತೈತಿ," ಎಂದಳು. ಒಂದು ಕರ್ಚಿಕಾಯಿ ತೆಗೆದು ನಡುವೆ ಮುರಿದಳು. ಒಂದು ಹೋಳನ್ನು ಡಬ್ಬಿಗೆ ಹಾಕಿ ಇನ್ನೊಂದನ್ನು ಅವನ ಅಂಗೈಯಲ್ಲಿಟ್ಟಳು. "ಅರ್ಧ ಸಾಕು. ಸಕ್ಕರಿ ಐತಿ ನಿಮಗ. ತಿನ್ರಿ."

ಅವನು ಅದನ್ನು ಬಹಳ ಹೊತ್ತು ಹಿಡಿದುಕೊಂಡೇ ಕೂತ, ಆಮೇಲೆ ಬಾಯಿಗಿಟ್ಟ. ಇಂದುಬಾಯಿ ಹೋಳಿಗೆಯ ಬುಟ್ಟಿಯನ್ನು ಎರಡೂ ಕೈಯಿಂದ ಮೇಜಿನ ಬುಡಕ್ಕೆ ಸರಿಸಿ, ಗುರುನಾಥನ ಕಡೆ ತಿರುಗಿ, "ಈಗ ತಗೋತಾನೇನು ಕೇಳ್ರಿ," ಎಂದಳು.

ಗುರುನಾಥ ಕಣ್ಣು ತೆರೆದ. ಬುಟ್ಟಿ ಸರಿದ ಕಡೆ ಅರಿಷಿಣದ ಗೆರೆ ಅಳಿಸಿತ್ತು. ಶ್ರೀಶೈಲಪ್ಪನ ಕೈಯಿಂದ ಉದುರಿದ ಹೂರಣದ ಪುಡಿಯನ್ನು ಇರುವೆಗಳು ಆಗಲೇ ಹೊತ್ತುಕೊಂಡು ಗೋಡೆಯ ಕಡೆ ಸಾಲಾಗಿ ಹೊರಟಿದ್ದವು. ಯಾರೂ ಬೀಸಣಿಗೆ ಎತ್ತಲಿಲ್ಲ.